ಪಯಸ್ವಿನಿ-ಚಂದ್ರಗಿರಿ: ಗಡಿಯ ಕಲ್ಪನೆ ಮತ್ತು ನದಿಯ ವಾಸ್ತವ

ಕಾಸರಗೋಡಿನ ಕನ್ನಡವನ್ನು ಕುರಿತ ಚರ್ಚೆಗಳಲ್ಲಿ ಚಂದ್ರಗಿರಿ ಹೊಳೆಯು ಸಾಮಾನ್ಯವಾಗಿ ಒಂದು ಗಡಿರೇಖೆಯಾಗಿಯೇ ಪ್ರಸ್ತಾಪಗೊಳ್ಳುತ್ತದೆ. ಆದರೆ ಈ ನದಿಗೆ ಸಂಬಂಧಿಸಿದಂತೆ ಎರಡು ಭಿನ್ನ ಗಡಿಗಳಿವೆ ಎಂಬುದನ್ನು ಗಮನಿಸಬೇಕು. ಪರಂಪರೆಯ ಗಡಿ ನದಿಯ ಗುಂಟ ಸಾಗುತ್ತದೆ ಮತ್ತು ಉತ್ತರ ದಡವನ್ನು ದಕ್ಷಿಣ ದಡದಿಂದ ಬೇರ್ಪಡಿಸುತ್ತದೆ. 1956ರ ರಾಜ್ಯಗಡಿ ನದಿಯನ್ನು ಅಡ್ಡಹಾಯುತ್ತದೆ ಮತ್ತು ಮೇಲ್ಹರಿವನ್ನು ಕೆಳಹರಿವಿನಿಂದ ಬೇರ್ಪಡಿಸುತ್ತದೆ. ಈ ಎರಡು ಗಡಿಗಳನ್ನು ಬೆರೆಸಿ ನೋಡುವುದರಿಂದ ನದಿಕಣಿವೆಯ ಭಾಷಿಕ ಹಾಗೂ ಸಾಮಾಜಿಕ ಸ್ವರೂಪ ಮರೆಯಾಗುತ್ತದೆ.

ಕೊಡಗಿನ ಪಟ್ಟಿಘಾಟ್ ಅರಣ್ಯಪ್ರದೇಶದಲ್ಲಿ ಹುಟ್ಟುವ ಪಯಸ್ವಿನಿಯು ಸಂಪಾಜೆ, ಅರಂತೋಡು, ಸುಳ್ಯಗಳನ್ನು ಹಾದು ಕೇರಳವನ್ನು ಪ್ರವೇಶಿಸುತ್ತದೆ. ಮುಳಿಯಾರು ಪರಿಸರದಲ್ಲಿ ಇನ್ನೊಂದು ಕವಲು ಕೂಡಿಕೊಂಡ ಬಳಿಕ ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡು ಪಟ್ಟಣವನ್ನು ಬಳಸಿ ತಳಂಗರೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದರ ಉದ್ದ ಸುಮಾರು 105 ಕಿಲೋಮೀಟರು. ಸುಮಾರು 1,406 ಚದರ ಕಿಲೋಮೀಟರು ಜಲಾನಯನ ಪ್ರದೇಶದಲ್ಲಿ 836 ಚದರ ಕಿಲೋಮೀಟರು ಕರ್ನಾಟಕದಲ್ಲಿಯೂ 570 ಚದರ ಕಿಲೋಮೀಟರು ಕೇರಳದಲ್ಲಿಯೂ ಇದೆ. ‘ಪಯಸ್’ ಶಬ್ದಕ್ಕೆ ಹಾಲು, ನೀರು ಎಂಬ ಎರಡೂ ಅರ್ಥಗಳಿವೆ. ಒಂದೇ ಹರಿವು ಕನ್ನಡಿಗರಿಗೆ ಹೊಳೆ, ತುಳುವರಿಗೆ ಸುದೆ, ಮಲಯಾಳಿಗಳಿಗೆ ಪುಳ.

ನದಿಯನ್ನು ಸೀಮೆಯಾಗಿ ಕಾಣುವ ದೃಷ್ಟಿ ಹಳೆಯದು. ‘ಕೇರಳೋತ್ಪತ್ತಿ’ಯು ತುಳುರಾಜ್ಯವನ್ನು ಗೋಕರ್ಣದಿಂದ ಪೆರುಂಪುಳದವರೆಗೆ ಎಂದು ಹೇಳುತ್ತದೆ, ದೊಡ್ಡ ಹೊಳೆ ಎಂಬ ಅರ್ಥದ ಈ ಹೆಸರನ್ನು ಚಂದ್ರಗಿರಿಯೊಂದಿಗೆ ಗುರುತಿಸುವ ಅಭಿಪ್ರಾಯವಿದೆ. ನಾಯರ್ ಸ್ತ್ರೀಯರು ಈ ಹೊಳೆಯನ್ನು ದಾಟಬಾರದೆಂಬ ನಿಷೇಧ ರೂಢಿಯಲ್ಲಿದ್ದುದನ್ನು ಬ್ರಿಟಿಷರ ಕಾಲದ ದಾಖಲೆಗಳು ಹೇಳುತ್ತವೆ. ಹೊಳೆಯು ಭೌಗೋಳಿಕ ಮೇರೆಯಷ್ಟೇ ಆಗಿರದೆ ಆಚಾರದ ಮೇರೆಯೂ ಆಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಆದರೆ ರಾಜಕೀಯ ಚರಿತ್ರೆ ಈ ಮೇರೆಯನ್ನು ಪಾಲಿಸಲಿಲ್ಲ. 17ನೆಯ ಶತಮಾನದಲ್ಲಿ ಕೆಳದಿಯ ಅರಸರು ಹೊಳೆಯನ್ನು ದಾಟಿ ದಕ್ಷಿಣಕ್ಕೆ ವಿಸ್ತರಿಸಿದರು. ಹೊಳೆಯ ದಕ್ಷಿಣ ದಡದ ಚಂದ್ರಗಿರಿ ಕೋಟೆ ಹಾಗೂ ಅದರಾಚೆಯ ಬೇಕಲ ಕೋಟೆಗಳು ಶಿವಪ್ಪನಾಯಕನ ಹೆಸರಿನೊಂದಿಗೆ ಬೆಸೆದುಕೊಂಡಿವೆ. ಇನ್ನೂ ದಕ್ಷಿಣದ ‘ಹೊಸದುರ್ಗ’ವೆಂಬ ಸ್ಥಳನಾಮವೇ ಈ ವಿಸ್ತರಣೆಯ ಭಾಷಿಕ ಸಾಕ್ಷ್ಯ. ಕೋಟೆಗಳ ಕಾವಲಿಗೆ ಬಂದ ರಾಮಕ್ಷತ್ರಿಯರ ವಸತಿಗಳಿಂದ ಕನ್ನಡವು ಮಲಯಾಳ ಪ್ರಧಾನವಾದ ನೆಲದಲ್ಲಿಯೂ ನೆಲೆಯೂರಿತು. 1799ರ ಅನಂತರ ಬ್ರಿಟಿಷರು ಎರಡೂ ದಡಗಳನ್ನು ಕೆನರಾ ಜಿಲ್ಲೆಯೊಳಗೇ ಇರಿಸಿದರು. ಮೇಲ್ಹರಿವಿನ ಅಮರಸುಳ್ಯ ಕೊಡಗಿನ ಅರಸರ ಅಧೀನದಲ್ಲಿದ್ದು 1834ರಲ್ಲಿ ಕೆನರಾಕ್ಕೆ ಸೇರಿತು. ಈ ಬದಲಾವಣೆಯ ಹಿನ್ನೆಲೆಯಲ್ಲಿ 1837ರ ಬಂಡಾಯ ಸುಳ್ಯದಿಂದ ಹೊರಟು ಮಂಗಳೂರನ್ನು ತಲುಪಿತು.

ನಿರಂಜನರ ಎರಡು ಕಾದಂಬರಿಗಳನ್ನು ಈ ಹಿನ್ನೆಲೆಯಲ್ಲಿ ಜೊತೆಗಿಟ್ಟು ಓದಬಹುದು. ‘ಕಲ್ಯಾಣಸ್ವಾಮಿ’ ಮೇಲ್ಹರಿವಿನ ಸೀಮೆಯ ಈ ಬಂಡಾಯವನ್ನು ವಸ್ತುವಾಗಿಸಿಕೊಂಡರೆ ‘ಚಿರಸ್ಮರಣೆ’ಯು ಚಂದ್ರಗಿರಿಯ ದಕ್ಷಿಣದಲ್ಲಿರುವ ಕಯ್ಯೂರಿನ ರೈತಹೋರಾಟವನ್ನು ಕಥನವಾಗಿಸುತ್ತದೆ. 1943ರಲ್ಲಿ ನಾಲ್ವರು ರೈತ ಹೋರಾಟಗಾರರು ಗಲ್ಲಿಗೇರಿದಾಗ ಕಯ್ಯೂರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಇತ್ತು. ಮಲಯಾಳಿ ರೈತರ ಬದುಕು ಕನ್ನಡ ಕಾದಂಬರಿಯ ಸಹಜ ವಸ್ತುವಾದುದು ಆ ಕಾಲದ ಜಿಲ್ಲೆಯ ಬಹುಭಾಷಿಕತೆಗೆ ನಿದರ್ಶನ.

1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಇಡಿಯಾಗಿ ಕೇರಳಕ್ಕೆ ಸೇರಿತು. ಕಯ್ಯಾರ ಕಿಞ್ಞಣ್ಣ ರೈ ಅವರಂತಹ ಕವಿಗಳು ಇದನ್ನು ವಿರೋಧಿಸಿದ ಚಳವಳಿಯ ಮುಂಚೂಣಿಯಲ್ಲಿದ್ದರು. 1967ರ ಮಹಾಜನ ಆಯೋಗದ ವರದಿಯು ಚಂದ್ರಗಿರಿ ಮತ್ತು ಪಯಸ್ವಿನಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಪರಂಪರೆಯ ಮೇರೆಯನ್ನೇ ಆಡಳಿತದ ಮೇರೆಯಾಗಿಸುವ ಈ ಶಿಫಾರಸು ಜಾರಿಗೆ ಬರಲಿಲ್ಲ. ಹೀಗಾಗಿ ಉತ್ತರ ದಡದ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. ಅವರ ಶಾಲೆ, ಕಚೇರಿ, ನ್ಯಾಯಾಲಯಗಳ ಭಾಷೆಯ ಪ್ರಶ್ನೆ ಅಂದಿನಿಂದ ಜೀವಂತವಾಗಿದೆ. ಜಾರಿಗೆ ಬಾರದ ಗಡಿಯಾದುದರಿಂದಲೇ ಚಂದ್ರಗಿರಿಯು ಕನ್ನಡ ಹೋರಾಟದ ಭಾಷೆಯಲ್ಲಿ ಪ್ರಬಲ ಸಂಕೇತವಾಗಿ ಉಳಿದಿದೆ.

ಈ ಸಂಕೇತದ ಹಿಂದೆ ನದಿಯ ಇಂದಿನ ಸಂಕಷ್ಟ ಮರೆಯಾಗಬಾರದು. ಸುಳ್ಯ ಪಟ್ಟಣವು ಕುಡಿಯುವ ನೀರಿಗೆ ಪಯಸ್ವಿನಿಯನ್ನು ಅವಲಂಬಿಸಿದೆ. ಕೆಳಗಿನ ಕಾಸರಗೋಡಿಗೆ ಬಾವಿಕೆರೆಯಿಂದ ಇದೇ ನದಿಯ ನೀರು ಪೂರೈಕೆಯಾಗುತ್ತದೆ. ಬೇಸಗೆಯಲ್ಲಿ ಮೇಲಿನ ಹರಿವು ಕ್ಷೀಣಿಸಿದರೆ ಸಮುದ್ರದ ಉಪ್ಪುನೀರು ಮೇಲೇರುತ್ತದೆ. ಅದನ್ನು ತಡೆಯಲು ಬಾವಿಕೆರೆಯಲ್ಲಿ ವರ್ಷವರ್ಷವೂ ತಾತ್ಕಾಲಿಕ ಒಡ್ಡು ಕಟ್ಟಲಾಗುತ್ತಿತ್ತು. ಈಗ ಶಾಶ್ವತ ತಡೆಯನ್ನು ನಿರ್ಮಿಸಲಾಗಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಪ್ರದೇಶಗಳಲ್ಲಿ ಗುಡ್ಡ ಕುಸಿದಾಗ ಮಣ್ಣು, ಮರಗಳು ಪಯಸ್ವಿನಿಗೆ ಬಂದು ಸೇರಿದವು. ಒಂದು ರಾಜ್ಯದ ಗುಡ್ಡದಲ್ಲಿ ನಡೆದುದರ ಪರಿಣಾಮ ಇನ್ನೊಂದು ರಾಜ್ಯದ ಅಳಿವೆಯವರೆಗೂ ವ್ಯಾಪಿಸುವ ಸಾಧ್ಯತೆ ಇಲ್ಲಿದೆ.

ಪ್ರದೇಶಾಧ್ಯಯನಗಳು ಜಿಲ್ಲೆ ಅಥವಾ ರಾಜ್ಯವನ್ನು ಘಟಕವಾಗಿ ಸ್ವೀಕರಿಸಿದಾಗ ಸುಳ್ಯದ ಅರೆಭಾಷೆ ಒಂದು ಅಧ್ಯಯನಕ್ಕೂ ಗಡಿಯಾಚೆಯ ತುಳು, ಹವ್ಯಕ ಕನ್ನಡ, ಮಲಯಾಳಗಳು ಇನ್ನೊಂದಕ್ಕೂ ಹಂಚಿಹೋಗುತ್ತವೆ. ಸಂಪಾಜೆಯಿಂದ ತಳಂಗರೆಯವರೆಗಿನ ಕಣಿವೆಯನ್ನು ಒಂದೇ ಘಟಕವಾಗಿ ಪರಿಗಣಿಸಿ ಸ್ಥಳನಾಮಗಳನ್ನು, ಕೃಷಿಪದಗಳನ್ನು, ಮೌಖಿಕ ಕಥನಗಳನ್ನು ಸಂಗ್ರಹಿಸಿದರೆ ಈ ಭಾಷೆಗಳ ಕೊಡುಕೊಳೆ ಸ್ಪಷ್ಟವಾಗುತ್ತದೆ. ಕಾಸರಗೋಡಿನ ಕನ್ನಡದ ಹಕ್ಕನ್ನು ಸಮರ್ಥಿಸುವುದಕ್ಕೂ ಇಂತಹ ಅಧ್ಯಯನ ಪೂರಕವೇ ಹೊರತು ವಿರೋಧಿಯಲ್ಲ.