ತಿಜೋರಿನೋ, ವಾರ್ಡ್‌ರೋಬೋ? ಮೊದಲು ಬಟ್ಟೆ ಎಣಿಸಿ

ನಮ್ಮ ವಿಜಯಪುರದ ಕಡೆ ಬಟ್ಟೆ ಇಡುವ ಕಬ್ಬಿಣದ ಬೀರುವಿಗೆ ತಿಜೋರಿ ಅಂತಲೇ ಹೆಸರು. ಒಳಗೆ ಬಂಗಾರ ಇರಲಿ, ಹಳೇ ಸ್ವೆಟರ್ ಇರಲಿ, ಅದು ತಿಜೋರಿನೇ. ಮದುವೆಯಾದರೆ ಮಂಚ, ಗಾದಿ, ಪಾತ್ರೆಗಳ ಜೊತೆ ಹುಡುಗಿಯ ತವರಿನಿಂದ ಟೆಂಪೋ ಏರಿ ಬರುವುದೂ ಅದೇ. ಈ ಸಲ ಅಣ್ಣನ ಮದುವೆ ಗಟ್ಟಿಯಾದಾಗ ಇಟ್ಟಂಗಿಹಾಳದ ನಮ್ಮ ಮನೆಯಲ್ಲಿ ಅಪ್ಪ ಮೊದಲೇ ಹೇಳಿಬಿಟ್ಟರು: "ಅವರ ಕಡಿಂದ ಏನೂ ಬ್ಯಾಡ. ರೂಮಿಗೆ ಬೇಕಾದ್ದು ನಾವ ಮಾಡಸೂಣು." ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ. ಟೆಂಪೋಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ ಅನ್ನಿ.

ಸರಿ, ಏನು ಮಾಡಿಸೋದು? ಅಣ್ಣ ಗಾಜಿನ ಸ್ಲೈಡಿಂಗ್ ಬಾಗಿಲಿನ ಫೋಟೋ ಕಳಿಸಿದ. ಅಪ್ಪನಿಗೆ ತಿಜೋರಿನೇ ಬೇಕು. ಅವ್ವ ಅಡುಗೆಮನೆಯಿಂದಲೇ ಕೇಳಿದಳು: "ಉಡಾಕಿ ಆಕಿ, ಮಡಚಿ ಇಡಾಕಿನೂ ಆಕಿ. ಆಕಿನ್ನ ಒಂದ್ ಮಾತ ಕೇಳೀರೇನು?"

ಯಾರೂ ಕೇಳಿರಲಿಲ್ಲ. ನಾನು ಫೋನ್ ಮಾಡಿದೆ. ವೈನಿ ಆಗಲಿರುವವರು ಶಾಲೆಯಲ್ಲಿ ಟೀಚರ್. ಅರ್ಧ ಗಂಟೆಯಲ್ಲಿ ವಾಟ್ಸಾಪ್‌ನಲ್ಲಿ ಪಟ್ಟಿ ಬಂತು: ದಿನಾ ಉಡುವ ಸೀರೆ ಇಪ್ಪತ್ತೈದು, ಇಳಕಲ್ ಮತ್ತು ರೇಷ್ಮೆ ಹದಿನೈದು, ಕುರ್ತಾ ಹತ್ತು, ಸರ್ಟಿಫಿಕೇಟ್ ಫೈಲ್ ಎರಡು. ಕೊನೆಗೊಂದು ಸಾಲು: "ಒಂದು ಖಾನೆಗೆ ಬೇರೆ ಕೀಲಿ ಇದ್ದರೆ ಚೊಲೋ ಇತ್ತು." ನಾಲ್ಕಾರು ಜನರಿರುವ ಮನೆಗೆ ಹೊಸದಾಗಿ ಬರುವವರಿಗೆ ತನ್ನದು ಅನ್ನೋ ಜಾಗ ಅಂತ ಎಷ್ಟು ಇರುತ್ತೆ ಹೇಳಿ? ಕೀಲಿಕೈ ಎರಡು ಬರ್ತವೆ, ಎರಡೂ ಅವರಿಗೇ ಅಂತ ಅಲ್ಲೇ ತೀರ್ಮಾನ ಆಯ್ತು. ನನ್ನ ಮಟ್ಟಿಗೆ ಇಡೀ ವಾರ್ಡ್‌ರೋಬ್‌ನಲ್ಲಿ ಮುಖ್ಯವಾದ ಭಾಗ ಅದೇ.

ಆ ಪಟ್ಟಿ ಕೈಗೆ ಬಂದ ಮೇಲೆ ಉಳಿದ ಲೆಕ್ಕ ಸಲೀಸು. ಶರ್ಟ್‌, ಹ್ಯಾಂಗರ್‌ನಲ್ಲಿ ಮಡಚಿ ಹಾಕಿದ ಸೀರೆಗೆ ಮೂರೂವರೆ ಅಡಿ ಎತ್ತರ ಸಾಕು. ಉದ್ದ ಕುರ್ತಾ, ಗೌನ್‌ಗೆ ನಾಲ್ಕೂವರೆಯಿಂದ ಐದು ಅಡಿ ಬೇಕು. ಹ್ಯಾಂಗರ್ ಅಗಲವೇ 17-18 ಇಂಚು. ಹಾಗಾಗಿ ಒಟ್ಟು ಆಳ ಎರಡು ಅಡಿ ಇರಲಿ. ಇಳಕಲ್, ರೇಷ್ಮೆ ಸೀರೆಗಳನ್ನು ಮಾತ್ರ ತೂಗುಹಾಕಬೇಡಿ. ಭಾರಕ್ಕೆ ಮಡಿಕೆ ಕೂತುಬಿಡುತ್ತೆ. ಹಳೇ ಕಾಟನ್ ಬಟ್ಟೆಯಲ್ಲಿ ಸುತ್ತಿ ಅಡ್ಡ ಹಲಗೆ ಮೇಲಿಡಿ, ಕೆಲ ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಡಾಂಬರ್ ಗುಳಿಗೆ ಜರಿಗೆ ತಾಗದಂತೆ ನೋಡಿಕೊಳ್ಳಿ. ಕೌದಿಗಳಿಗೆ ಮೇಲೆ ಲಾಫ್ಟ್ ಬೇಕೇ ಬೇಕು. ಕ್ಯಾಟಲಾಗ್ ಮಾಡುವವರು ಕೌದಿ ನೋಡಿಲ್ಲ ಅನ್ಸುತ್ತೆ, ಅವರು ತೋರಿಸೋ ಲಾಫ್ಟ್‌ನಲ್ಲಿ ಎರಡು ದಿಂಬು ಹಿಡಿದರೆ ಹೆಚ್ಚು.

ಬಾಗಿಲಿನ ವಿಷಯಕ್ಕೆ ಬರೋಣ. ಸ್ಲೈಡಿಂಗ್ ನೋಡೋಕೆ ಚೆಂದ, ಬಾಗಿಲು ಹೊರಗೆ ತೆರೆಯಲು ಜಾಗ ಬೇಡ. ಆದರೆ ಟ್ರ್ಯಾಕ್‌ಗೆ ಮೂರ್ನಾಲ್ಕು ಇಂಚು ಆಳ ಹೆಚ್ಚು ಬೇಕು, ಒಂದು ಸಲಕ್ಕೆ ಅರ್ಧ ಭಾಗವಷ್ಟೇ ಕಾಣುತ್ತೆ. ನಮ್ಮೂರಲ್ಲಿ ಇನ್ನೊಂದು ತೊಂದರೆ: ಬೇಸಿಗೆಯಲ್ಲಿ ಎರಿ ಹೊಲದ ಧೂಳು ಕಿಟಕಿ ಹಾಕಿದರೂ ಒಳಗೆ ಬರುತ್ತೆ. ಕೆಳಗಿನ ಟ್ರ್ಯಾಕ್ ತುಂಬಿಕೊಂಡರೆ ಬಾಗಿಲು ಕರಕರ ಅನ್ನುತ್ತಾ ಸಿಕ್ಕಿಕೊಳ್ಳುತ್ತೆ. ಎರಡು ಬಾಗಿಲ ನಡುವಿನ ಸಂದಿಯಿಂದ ಧೂಳು ಸೀರೆ ಮೇಲೂ ಕೂರುತ್ತೆ. ಅಣ್ಣನ ರೂಮು 12 ಅಡಿ ಉದ್ದ. ಮಂಚಕ್ಕೆ ಆರೂವರೆ, ಕಪಾಟಿಗೆ ಎರಡು ಹೋದರೆ ನಡುವೆ ಮೂರೂವರೆ ಅಡಿ ಉಳಿಯುತ್ತೆ. ಒಂದೂವರೆ ಅಡಿ ಅಗಲದ ಕೀಲು ಬಾಗಿಲು ಆರಾಮಾಗಿ ತೆರೆಯುತ್ತೆ, ಅದೇ ಗಟ್ಟಿ ಮಾಡಿದ್ವಿ. ಎರಡೂವರೆ ಅಡಿಗಿಂತ ಕಡಿಮೆ ಉಳಿಯೋ ಫ್ಲ್ಯಾಟ್‌ಗಳಲ್ಲಿ ಮಾತ್ರ ಸ್ಲೈಡಿಂಗ್ ಬಗ್ಗೆ ಯೋಚಿಸಿ.

ಹಲಗೆ ಕೊಳ್ಳುವಾಗ "ವಾಟರ್‌ಪ್ರೂಫ್ ಐತ್ರಿ" ಅನ್ನೋ ಮಾತಿಗಿಂತ ಶೀಟಿನ ಮೇಲಿನ ಮುದ್ರೆ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ಅಂದರೆ ನೀರು ತಡೆಯುವ ಮೆರೈನ್ ಪ್ಲೈವುಡ್. ನಮ್ಮಂಥ ಒಣ ಸೀಮೆಯ ಬೆಡ್‌ರೂಮಿಗೆ ಮೊದಲನೆಯದೇ ಸಾಕು. ಬಾತ್‌ರೂಮ್ ಗೋಡೆಗೆ ತಾಗಿದ್ದರೆ ಎರಡನೆಯದು. ಪಾರ್ಟಿಕಲ್ ಬೋರ್ಡ್ ಅಗ್ಗ ನಿಜ, ಆದರೆ ನೆಲ ಒರೆಸುವ ನೀರು ಅಂಚಿಗೆ ಇಳಿದರೆ ಉಬ್ಬುತ್ತೆ. 18 ಎಂಎಂ ಹಲಗೆಯಾದರೂ ಮೂರಡಿ ಉದ್ದ ಬಿಟ್ಟರೆ ಭಾರಕ್ಕೆ ಬಾಗುತ್ತೆ. ಎರಡು, ಎರಡೂವರೆ ಅಡಿಗೊಂದು ಅಡ್ಡಗೋಡೆ ಕೊಡಿಸಿ.

ಹಾಗಾದ್ರೆ ಅಪ್ಪನ ತಿಜೋರಿ ದಡ್ಡತನವೇ? ಖಂಡಿತ ಅಲ್ಲ. ಗೋದ್ರೇಜ್‌ನವರು 1923ರಿಂದ ಉಕ್ಕಿನ ಕಪಾಟು ಮಾಡುತ್ತಿದ್ದಾರೆ. ಗೆದ್ದಲು ಹತ್ತಲ್ಲ, ಕೀಲಿ ಗಟ್ಟಿ, ಒಳಗೆ ಲಾಕರ್ ಇರುತ್ತೆ. ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಿಸುತ್ತಾ ಇರುವವರಿಗೆ ನನ್ನ ಸಲಹೆಯೂ ಅದೇ: ಗೋಡೆಗೆ ಕೂರಿಸಿದ ವಾರ್ಡ್‌ರೋಬ್ ಮನೆ ಮಾಲೀಕರಿಗೆ ಉಳಿಯುತ್ತೆ, ತಿಜೋರಿ ನಿಮ್ಮ ಜೊತೆ ಬರುತ್ತೆ. ಆಳ ಸುಮಾರು 19 ಇಂಚಷ್ಟೇ ಇರೋದರಿಂದ ಹ್ಯಾಂಗರ್ ಬಿಗಿಯಾಗುತ್ತೆ, ಅಷ್ಟೇ ಕೊರತೆ.

ಮನೆಯಲ್ಲಿ ಮಕ್ಕಳಿದ್ದರೆ ಬಿಡಿಯಾಗಿ ನಿಲ್ಲಿಸುವ ಕಪಾಟನ್ನು ಗೋಡೆಗೆ ಬಿಗಿಸಲೇಬೇಕು. ಎಳೆದ ಡ್ರಾಯರ್ ಹತ್ತಿ ಮಕ್ಕಳು ಅದರಡಿ ಸಿಕ್ಕು ಸತ್ತ ಮೇಲೆ ಐಕಿಯಾ ಕಂಪನಿ 2016ರಲ್ಲಿ ಅಮೆರಿಕದಲ್ಲಿ 2.9 ಕೋಟಿ ಡ್ರಾಯರ್ ಕಪಾಟುಗಳನ್ನು ವಾಪಸ್ ಕರೆಯಬೇಕಾಯಿತು. ಹಳೇ ಕಲ್ಲು-ಮಣ್ಣಿನ ಗೋಡೆಯಾದರೆ ತೂತು ಕಲ್ಲಿಗೇ ಹೊಡೆಸಿ, ನಡುವಿನ ಮಣ್ಣಿನ ಸಂದಿಯಲ್ಲಿ ಮೊಳೆ ನಿಲ್ಲಲ್ಲ.

ರೇಟ್ ಕೇಳುವಾಗ ಚದರಡಿಗೆ ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಆರಡಿ ಅಗಲ, ಏಳಡಿ ಎತ್ತರ ಅಂದರೆ 42 ಚದರಡಿ. ಮೇಲೆ ಎರಡಡಿ ಲಾಫ್ಟ್ ಸೇರಿದರೆ 54. ಚದರಡಿಗೆ ನೂರೇ ರೂಪಾಯಿ ಹೆಚ್ಚಾದರೂ 5,400 ಏರುತ್ತೆ. ಕೀಲು, ಹಿಡಿಕೆ, ಕೀಲಿ, ಒಳಗಿನ ಲ್ಯಾಮಿನೇಟ್ ಎಲ್ಲ ಅದರಲ್ಲೇ ಬರುತ್ತಾ ಕೇಳಿ. ಮದುವೆ ಮನೆಯಾದರೆ ಕೆಲಸ ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಹೊಸ ಪ್ಲೈವುಡ್, ಅಂಟಿನ ವಾಸನೆ ಹೋಗೋವರೆಗೂ ಬಾಗಿಲು, ಕಿಟಕಿ ತೆರೆದಿಡಿ, ಸೀರೆಗಳನ್ನು ಆಮೇಲೆ ಜೋಡಿಸಿ.