ಮಳೆಗಾಲದ ಜೇನುಪೆಟ್ಟಿಗೆ: ಎರಡು ಬಗೆಯ ಹಸಿವು

ತುಡುವೆ ಜೇನಿನ ಕುಟುಂಬಕ್ಕೆ ಬೇಕಾದ ಆಹಾರ ಎರಡೇ: ಮಕರಂದ ಮತ್ತು ಪರಾಗ. ಮಕರಂದವೆಂದರೆ ಸಕ್ಕರೆ, ಹಾರುವುದಕ್ಕೂ ಗೂಡನ್ನು ಬೆಚ್ಚಗಿಡುವುದಕ್ಕೂ ಅದೇ ಉರುವಲು. ಮೈ ಬೆಳೆಯಲು ಬೇಕಾದ ಪ್ರೋಟೀನು, ಕೊಬ್ಬು, ಜೀವಸತ್ವಗಳೆಲ್ಲ ಬರುವುದು ಪರಾಗದಿಂದ. ಮಲೆನಾಡು, ಕೊಡಗು, ಕರಾವಳಿಯ ಮನೆಯಂಗಳಗಳಲ್ಲೂ ಅಡಿಕೆ ತೋಟಗಳಲ್ಲೂ ಇಟ್ಟ ಪೆಟ್ಟಿಗೆಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡಕ್ಕೂ ಬರ. ಹೂವು ಕಡಿಮೆ, ಇದ್ದ ಹೂವಿನ ಮಕರಂದ ಮಳೆಗೆ ತೊಳೆದುಹೋಗುತ್ತದೆ, ನೊಣಗಳಿಗೆ ಹೊರಬೀಳಲು ಬಿಸಿಲಿನ ಬಿಡುವೇ ಸಿಗುವುದಿಲ್ಲ.

ಸಕ್ಕರೆಯ ಕೊರತೆ ಬೇಗ ಕೊಲ್ಲುತ್ತದೆ. ಜೇನ್ನೊಣದ ಮೈಯೊಳಗಿನ ಸಕ್ಕರೆಯ ಸಂಗ್ರಹ ತೀರ ಚಿಕ್ಕದು. ಜೇನುಹೊಟ್ಟೆ ಬರಿದಾದರೆ ಹಾರುವ ಶಕ್ತಿ ಉಡುಗುವುದಕ್ಕೆ ಹೆಚ್ಚು ಹೊತ್ತು ಬೇಡ. ಮರಿಗಳಿರುವ ಎರಿಗಳ ಉಷ್ಣತೆ 33ರಿಂದ 35 ಡಿಗ್ರಿ ಸೆಲ್ಸಿಯಸ್‌ನಷ್ಟಿರಬೇಕು. ಹೊರಗೆ ಥಂಡಿ ಗಾಳಿ ಬೀಸುತ್ತಿರುವಾಗ ಆ ಬಿಸಿಯನ್ನು ನೊಣಗಳು ಹಾರಾಟದ ಸ್ನಾಯುಗಳನ್ನು ಅದುರಿಸಿ ಹುಟ್ಟಿಸುತ್ತವೆ. ಮಳೆಗಾಲದಲ್ಲಿ ಆದಾಯ ನಿಂತರೂ ಈ ಖರ್ಚು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಜೇನುಕೋಣೆಯ ಜೊತೆಗೆ ಕೆಳಗಿನ ಸಂಸಾರಕೋಣೆಯ ಜೇನನ್ನೂ ತೆಗೆದುಬಿಟ್ಟ ಪೆಟ್ಟಿಗೆ ಜುಲೈ ದಾಟುವುದು ಕಷ್ಟ. ಮೇಲಾಗಿ ಆಹಾರ ತೀರುತ್ತ ಬಂದಾಗ ರಾಣಿಸಮೇತ ಇಡೀ ಕುಟುಂಬವೇ ಗೂಡು ಬಿಟ್ಟು ಹೊರಡುವುದು ತುಡುವೆಯ ಸ್ವಭಾವ. ಪೆಟ್ಟಿಗೆಯಲ್ಲಿ ಒಂದು ದಿನ ಬರಿಯ ಎರಿಗಳು ಮಾತ್ರ ಉಳಿದಿದ್ದರೆ ಅದಕ್ಕೆ ಹಲವು ಬಾರಿ ಹಸಿವೇ ಕಾರಣ.

ಪರಾಗದ ಕೊರತೆ ಹೀಗೆ ಎದ್ದು ಕಾಣುವುದಿಲ್ಲ, ಆದ್ದರಿಂದಲೇ ಅದು ಹೆಚ್ಚು ಅಪಾಯಕಾರಿ. ಮರಿ ಸಾಕುವ ಎಳೆಯ ಕೆಲಸಗಾರ ನೊಣಗಳು ಪರಾಗ ತಿಂದು ತಲೆಯಲ್ಲಿರುವ ಗ್ರಂಥಿಗಳಿಂದ ಹಾಲಿನಂಥ ರಸವನ್ನು ಒಸರುತ್ತವೆ. ಮೊದಲ ಸುಮಾರು ಮೂರು ದಿನ ಎಲ್ಲ ಮರಿಹುಳುಗಳಿಗೂ ಇದೇ ಊಟ. ಆಮೇಲೆ ಕೆಲಸಗಾರ ಹುಳುಗಳಿಗೆ ಜೇನು, ಪರಾಗ ಬೆರೆಸಿದ ಆಹಾರ. ರಾಣಿಯಾಗಬೇಕಾದ ಹುಳುವಿಗೆ ಮಾತ್ರ ಕೊನೆಯವರೆಗೂ ಈ ರಸವೇ. ಒಂದೇ ಬಗೆಯ ಮೊಟ್ಟೆಯಿಂದ ರಾಣಿಯೋ ಕೆಲಸಗಾರಳೋ ಹುಟ್ಟುವುದನ್ನು ನಿರ್ಧರಿಸುವುದು ಊಟ. ಮೊಟ್ಟೆಯಿಡುವ ರಾಣಿಯೂ ಈ ರಸವನ್ನೇ ಅವಲಂಬಿಸಿದ್ದಾಳೆ. ಪರಾಗ ನಿಂತರೆ ಗ್ರಂಥಿಗಳು ಬತ್ತುತ್ತವೆ, ಮೊಟ್ಟೆ ಕಡಿಮೆಯಾಗುತ್ತದೆ. ಕೊರತೆ ಹೆಚ್ಚಿದರೆ ಕೆಲಸಗಾರ ನೊಣಗಳು ಮೊಟ್ಟೆಗಳನ್ನೂ ಎಳೆಯ ಹುಳುಗಳನ್ನೂ ತಿಂದು, ಆ ಪ್ರೋಟೀನಿನಿಂದ ಉಳಿದ ಮರಿಗಳನ್ನು ಸಾಕುತ್ತವೆ. ಕ್ರೌರ್ಯದಂತೆ ಕಂಡರೂ ಕುಟುಂಬ ಉಳಿಯುವ ದಾರಿಗಳಲ್ಲಿ ಇದೂ ಒಂದು.

ಅರೆಹೊಟ್ಟೆಯಲ್ಲಿ ಬೆಳೆದ ನೊಣಗಳ ಮೈಯಲ್ಲಿ ಕೊಬ್ಬು, ಪ್ರೋಟೀನು ಎರಡೂ ಕಡಿಮೆ. ಅವು ವಯಸ್ಸಿಗೆ ಮುಂಚೆಯೇ ಮೇವಿಗೆ ಹೊರಟು ಬೇಗ ಸಾಯುತ್ತವೆ. ಚೆನ್ನಾಗಿ ಉಂಡು ಬೆಳೆದ ಕೆಲಸಗಾರ ನೊಣವೂ ದುಡಿಮೆಯ ಕಾಲದಲ್ಲಿ ಬದುಕುವುದು ನಾಲ್ಕರಿಂದ ಆರು ವಾರ. ಅಷ್ಟು ದಿನ ಹೊಸ ಮರಿ ಹುಟ್ಟದಿದ್ದರೆ ಸತ್ತವುಗಳ ಜಾಗ ತುಂಬುವವರಿಲ್ಲ. ಎರಿಗಳನ್ನು ಮುಚ್ಚಿ ಕೂರುವಷ್ಟು ನೊಣಗಳಿಲ್ಲದ ಪೆಟ್ಟಿಗೆಗೆ ಮೇಣದ ಹುಳು ನುಗ್ಗುತ್ತದೆ. ಹುಳುವಿನಿಂದ ಪೆಟ್ಟಿಗೆ ಹಾಳಾಯಿತು ಎನ್ನುವುದು ಅರ್ಧ ಸತ್ಯ ಮಾತ್ರ.

ಪರಾಗಗಳೆಲ್ಲ ಒಂದೇ ಅಲ್ಲ. ಜೇನ್ನೊಣಕ್ಕೆ 10 ಅಮೈನೋ ಆಮ್ಲಗಳು ಆಹಾರದಿಂದಲೇ ಸಿಗಬೇಕೆಂದು ಸಂಶೋಧಕ ಡಿ ಗ್ರೂಟ್ 1953ರಲ್ಲಿ ತೋರಿಸಿದರು. ಒಂದು ಗಿಡದ ಪರಾಗದಲ್ಲಿ ಕೊರತೆಯಿರುವುದನ್ನು ಇನ್ನೊಂದರದು ತುಂಬಿಕೊಡುತ್ತದೆ. ರಬ್ಬರ್ ತೋಟದಲ್ಲಿ ಎಳೆ ಎಲೆಗಳ ತೊಟ್ಟಿನ ಗ್ರಂಥಿಗಳಿಂದ ಧಾರಾಳ ಮಕರಂದ ಸಿಕ್ಕರೂ ಅದರೊಂದಿಗೆ ಪರಾಗ ಬರುವುದಿಲ್ಲ. ತೆಂಗು, ಅಡಿಕೆ, ನಾಚಿಕೆಮುಳ್ಳು, ಬೇಲಿಯ ಕಾಡುಗಿಡಗಳು ಬೆರೆತ ಹಿತ್ತಿಲೇ ಜೇನಿಗೆ ಹೆಚ್ಚು ಹಿತ.

ಸಕ್ಕರೆಯ ಕೊರತೆಗೆ ಪಾಕವೇ ಪರಿಹಾರ: ಬಿಳಿ ಸಕ್ಕರೆ ಒಂದು ಪಾಲು, ಕುದಿಸಿದ ನೀರು ಒಂದು ಪಾಲು, ಕರಗಿಸಿ ಆರಿಸಿದ್ದು. ನೊಣಗಳು ತಮ್ಮ ಕಿಣ್ವದಿಂದ ಅದನ್ನು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತವೆ. ಬೆಲ್ಲ ಮನುಷ್ಯರಿಗೆ ಒಳ್ಳೆಯದಾದರೂ ಅದರಲ್ಲಿರುವ ಖನಿಜಗಳು, ಜೀರ್ಣವಾಗದ ಅಂಶಗಳು ಜೇನ್ನೊಣಕ್ಕೆ ಭೇದಿ ತರುತ್ತವೆ. ಪಾಕವನ್ನು ಸಂಜೆ, ಪೆಟ್ಟಿಗೆಯ ಒಳಗೇ ಇಡಬೇಕು. ಹೊರಗೆ ಚೆಲ್ಲಿದರೆ ಬೇರೆ ಕುಟುಂಬದ ನೊಣಗಳು ದರೋಡೆಗೆ ಬರುತ್ತವೆ. ಎಲ್ಲಿಯದೋ ಜೇನನ್ನು ತಂದು ಉಣಿಸಿದರೆ ಅದರೊಂದಿಗೆ ರೋಗವೂ ಬರಬಹುದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿದ್ದನ್ನು ಕಂಡವರಿಗೆ ಈ ಎಚ್ಚರ ಅತಿ ಎನಿಸದು.

ಆದರೆ ಪಾಕದಲ್ಲಿ ಪ್ರೋಟೀನು ಇಲ್ಲ. ಪಾಕ ಸಿಕ್ಕೊಡನೆ ರಾಣಿ ಮೊಟ್ಟೆ ಹೆಚ್ಚಿಸುತ್ತಾಳೆ. ಪರಾಗವಿಲ್ಲದಿದ್ದರೆ ಸಾಕುವ ನೊಣಗಳು ತಮ್ಮ ಮೈಯನ್ನೇ ಕರಗಿಸಿ ಮರಿಗಳಿಗೆ ಉಣಿಸಬೇಕಾಗುತ್ತದೆ. ಕೊಬ್ಬು ತೆಗೆದ ಸೋಯಾ ಹಿಟ್ಟು, ಯೀಸ್ಟ್ ಅಥವಾ ಹುರಿಗಡಲೆ ಹಿಟ್ಟನ್ನು ಪಾಕದಲ್ಲಿ ಕಲಸಿ ಎರಿಗಳ ಮೇಲೆ ಇಡುವುದು ಇದಕ್ಕಾಗಿ. ಹಾಲಿನ ಪುಡಿ ಹೆಚ್ಚಾಗಬಾರದು. ಅದರ ಲ್ಯಾಕ್ಟೋಸ್ ನೊಣಕ್ಕೆ ಜೀರ್ಣವಾಗದು.

ಮಳೆ ಹಿಂದೆ ಸರಿದು ನೊಣಗಳು ಹಿಂಗಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಮರಳತೊಡಗಿದಾಗ ಹಿಟ್ಟಿನ ಉಂಡೆಯನ್ನು ಅವು ತಾವಾಗಿಯೇ ಬಿಡುತ್ತವೆ. ಪಾಕವನ್ನು ಮಾತ್ರ ಜೇನುಕೋಣೆ ಏರಿಸುವ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಅದು ಎರಿಯಲ್ಲಿ ಸೇರಿ ಮುಂದಿನ ಕೊಯ್ಲಿನ ಜೇನಿಗೆ ಬೆರೆಯುತ್ತದೆ.