ಚೌಕಟ್ಟಿನ ಆಚೆ ಇರೋ ಗಿರಿ

ವಾರಾಂತ್ಯದ ಬೆಳಗ್ಗೆ ನಮ್ಮ ಬೀರೂರು ಜಂಕ್ಷನ್‌ನಲ್ಲಿ ರೈಲಿಳಿದು, ಲಿಂಗದಹಳ್ಳಿ ಮೇಲೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಗೆ ಹೊರಡುವವರ ಫೋನಲ್ಲಿ ಆಗಲೇ ಒಂದು ಚಿತ್ರ ಇರುತ್ತೆ: ಮೋಡದ ಮೇಲೆ ಒಬ್ಬಂಟಿಯಾಗಿ ನಿಂತ ಮನುಷ್ಯ. ಅಲ್ಲಿ ಸಿಗೋದು ವಾಹನಗಳ ಸಾಲು, ಮುಖ ಮುಚ್ಚುವ ಮಂಜು. "ಫೋಟೋದಲ್ಲಿದ್ದ ಹಾಗಿಲ್ಲ" ಅಂತ ಬೇಸರ. ಹಾಗಾದರೆ ಫೋಟೋ ಸುಳ್ಳಾ?

ಸುಳ್ಳಲ್ಲ, ಆಯ್ಕೆ. ಮೊದಲು ಚೌಕಟ್ಟು ಜನರನ್ನ ಹೊರಗಿಡುತ್ತೆ. ಶಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ಸಣ್ಣ ಝರಿಯೂ ಹಾಲಿನ ಧಾರೆ ಆಗುತ್ತೆ. ಆಮೇಲೆ ಫಿಲ್ಟರ್ ಹಸಿರನ್ನ ಇನ್ನಷ್ಟು ಹಸಿರು ಮಾಡುತ್ತೆ. ಕೊನೆಗೆ ಅಲ್ಗಾರಿದಮ್, ಹೆಚ್ಚು ಲೈಕ್ ಬಿದ್ದದ್ದನ್ನೇ ಹೆಚ್ಚು ಜನಕ್ಕೆ ತೋರಿಸುತ್ತೆ. ನೋಡಿದವರು ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ನಿಲ್ಲುತ್ತಾರೆ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ನಾವು ಓದೋ ಪಾಸಿಟಿವ್ ಫೀಡ್‌ಬ್ಯಾಕ್ ಇದೇ: ಔಟ್‌ಪುಟ್ ಮತ್ತೆ ಇನ್‌ಪುಟ್ ಆಗಿ ಬೆಳೆಯುತ್ತಲೇ ಹೋಗುತ್ತೆ.

2022ರಲ್ಲಿ ಚಂದ್ರದ್ರೋಣ ಪರ್ವತದಲ್ಲಿ ನೀಲಕುರಿಂಜಿ ಅರಳಿದಾಗ ಹೀಗೇ ಆಯ್ತು. ಚಿತ್ರಗಳು ಹರಡಿದವು, ಗಿರಿಗೆ ಜನ ನುಗ್ಗಿದರು. ಕುರಿಂಜಿ 12 ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಸಾಯುವ ಗಿಡ. ಸೆಲ್ಫಿಗೆ ಕಿತ್ತ ಹೂವು ಅಂದರೆ ಮುಂದಿನ ಸಲಕ್ಕೆ ಬೀಳದ ಬೀಜ.

ಅದೇ ಫೋನು ಉಲ್ಟಾ ಕೆಲಸವನ್ನೂ ಮಾಡಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾಲುಗಟ್ಟಿದ ಚಾರಣಿಗರ ವಿಡಿಯೋ ವೈರಲ್ ಆಯ್ತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಕ್ಕೆ ಅರಣ್ಯ ಇಲಾಖೆ ತಡೆ ಹಾಕಿತು. ಚೌಕಟ್ಟಿನೊಳಗೆ ಜನ ಬಂದ ಮೇಲೇ ಸಮಸ್ಯೆ ಎಲ್ಲರ ಕಣ್ಣಿಗೆ ಬಿದ್ದದ್ದು.

ಫೋಟೋದಲ್ಲಿ ಬಾರದ್ದು ಇನ್ನೂ ಒಂದಿದೆ, ನೀರು. ಗಿರಿಯ ಹುಲ್ಲುಗಾವಲು, ಶೋಲಾ ಕಾಡು ಮಳೆಯನ್ನ ಸ್ಪಂಜಿನಂತೆ ಹೀರಿ ನಿಧಾನಕ್ಕೆ ಬಿಡುತ್ತವೆ. ಅಲ್ಲಿ ಹುಟ್ಟುವ ವೇದಾ ಅಯ್ಯನಕೆರೆಗೆ, ಅವತಿ ಮದಗದ ಕೆರೆಗೆ ನೀರು ತರುತ್ತವೆ. ಮುಂದೆ ಎರಡೂ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬುತ್ತವೆ. ಪ್ರವಾಸಿಗೆ ಅದು ವ್ಯೂ ಪಾಯಿಂಟ್. ಕಡೂರಿನ ಬಯಲು ಸೀಮೆಯ ತೋಟಕ್ಕೆ ಅದು ತಲೆಯ ಮೇಲಿನ ನೀರಿನ ಟ್ಯಾಂಕು. ಹುಲ್ಲು ತುಳಿದು ಮಣ್ಣು ಗಟ್ಟಿಯಾದರೆ ಮಳೆ ಇಂಗದೆ ಹರಿದೋಗುತ್ತೆ.

ಫೋಟೋ ತೆಗೀಬೇಡಿ ಅಂತ ನಾವು ಹೇಳ್ತಿಲ್ಲ, ನಾವೂ ತೆಗೀತೀವಿ. ಆದರೆ ದಾರಿ ಬಿಟ್ಟು ಹುಲ್ಲಿಗೆ ಇಳಿಯೋದು ಬೇಡ. ಹೂಬಿಟ್ಟ ಜಾಗದ ಲೊಕೇಶನ್ ಹಾಕೋದು ಬೇಡ. ಮೋಡದ ಫೋಟೋ ಜೊತೆಗೆ ಪಾರ್ಕಿಂಗಿನ ಸಾಲು, ಆ ಗಿರಿಯ ನೀರು ಕುಡಿಯುವ ಕೆರೆ, ಇವೂ ಒಂದೊಂದು ಇರಲಿ. ಲೈಕ್ ಕಮ್ಮಿ ಬರಬಹುದು. ಮುಂದೆ ಹೋಗುವವರಿಗೆ ಗಿರಿ ಇದ್ದ ಹಾಗೇ ಕಾಣುತ್ತೆ.